ಕಾರ್ನೆಗಿಯವರಿಗೆ ಬಂದ ಅರ್ಜಿಗಳು

1853ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದ 'ಡಿಸ್ಪ್ಯಾಚ್' ಪತ್ರಿಕೆಯ ಸಂಪಾದಕರ ಕೈಗೆ ಒಂದು ಪತ್ರ ತಲಪಿತು. ಬರೆದವನು ತಂತಿ ವಿದ್ಯೆಯನ್ನು ಕಲಿತು ದುಡಿಯುತ್ತಿದ್ದ ಹದಿನೇಳರ ಹರೆಯದ ಹುಡುಗ. ಆ ಊರಿನಲ್ಲಿ ಕರ್ನಲ್ ಜೇಮ್ಸ್ ಆಂಡರ್ಸನ್ ಎಂಬ ಉದಾರಿ ತಮ್ಮ ಸ್ವಂತ ಸಂಗ್ರಹದ ಸುಮಾರು 400 ಪುಸ್ತಕಗಳನ್ನು ದುಡಿಯುವ ಹುಡುಗರಿಗೆಂದು ತೆರೆದಿಟ್ಟಿದ್ದರು. ಶನಿವಾರ ಬಂದರೆ ಒಂದು ಪುಸ್ತಕವನ್ನು ಹಿಂದಿರುಗಿಸಿ ಇನ್ನೊಂದನ್ನು ಒಯ್ಯಬಹುದಿತ್ತು. ಆದರೆ ಗ್ರಂಥಾಲಯ ದೊಡ್ಡದಾಗಿ ಹೊಸ ಕಟ್ಟಡಕ್ಕೆ ಹೋದ ಮೇಲೆ ನಿಯಮ ಬದಲಾಯಿತು. ಕರಾರಿನ ಮೇಲೆ ಕಸುಬು ಕಲಿಯುತ್ತಿರುವ ಹುಡುಗರಿಗೆ ಮಾತ್ರ ಉಚಿತ. ಉಳಿದವರು ವರ್ಷಕ್ಕೆ ಎರಡು ಡಾಲರ್ ಕೊಡಬೇಕು. ತಂತಿ ಕಚೇರಿಯ ಹುಡುಗರು ಯಾವ ಕರಾರಿಗೂ ಒಳಪಟ್ಟವರಲ್ಲ. ದಾನಿಯ ಉದ್ದೇಶ ಇದಾಗಿರಲಿಲ್ಲ, ದುಡಿಯುವ ಹುಡುಗರೆಂದರೆ ನಾವೂ ಸೇರಿದೆವಲ್ಲವೇ ಎಂದು ಆ ಹುಡುಗ ಪತ್ರಿಕೆಯಲ್ಲಿ ವಾದಿಸಿದನು. ಗ್ರಂಥಪಾಲಕರಿಂದ ಉತ್ತರ ಬಂತು. ಹುಡುಗ ಪುನಃ ಬರೆದನು. ಕೊನೆಗೆ ನಿಯಮವೇ ಸಡಿಲಗೊಂಡಿತು.

ಆ ಹುಡುಗನ ಹೆಸರು ಆಂಡ್ರ್ಯೂ ಕಾರ್ನೆಗಿ. ಮುಂದೆ ಜಗತ್ತಿನ ನಾನಾ ಭಾಗಗಳಲ್ಲಿ 2,509 ಗ್ರಂಥಾಲಯ ಕಟ್ಟಡಗಳಿಗೆ ಹಣ ಕೊಟ್ಟ ಮನುಷ್ಯನು ತನ್ನ ಬದುಕಿನಲ್ಲಿ ಬರೆದ ಮೊದಲ ಮನವಿ ಪತ್ರ ಇದೇ ಇರಬೇಕು. ಇಂದು ದತ್ತಿ ಪ್ರತಿಷ್ಠಾನಗಳ ಮುಂದೆ ಅರ್ಜಿ ಹಿಡಿದು ನಿಲ್ಲುವ ನಮ್ಮ ಶಾಲೆಗಳು, ಅನಾಥಾಲಯಗಳು, ಸ್ವಸಹಾಯ ಸಂಘಗಳು ಎದುರಿಸುವ ಪ್ರಶ್ನೆಗಳಿಗೆ ಒಂದು ಚರಿತ್ರೆಯಿದೆ. ಆ ಚರಿತ್ರೆಯ ದೊಡ್ಡ ಅಧ್ಯಾಯವೊಂದು ಈ ಹುಡುಗನ ಕೈಯಿಂದಲೇ ಬರೆಯಲ್ಪಟ್ಟಿತು. ಹೆಚ್ಚು ಖಚಿತವಾಗಿ ಹೇಳುವುದಾದರೆ, ಅವನ ಕಾರ್ಯದರ್ಶಿಯ ಕೈಯಿಂದ.

ಕಾರ್ನೆಗಿಯವರು 1835ರಲ್ಲಿ ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್ ಎಂಬ ಊರಿನಲ್ಲಿ ನೇಕಾರನ ಮಗನಾಗಿ ಹುಟ್ಟಿದರು. ಉಗಿಯಂತ್ರದ ಮಗ್ಗಗಳು ಬಂದು ಕೈಮಗ್ಗದ ಬಾಯಿಗೆ ಮಣ್ಣು ಬಿದ್ದಾಗ, 1848ರಲ್ಲಿ ಆ ಕುಟುಂಬ ಸಾಲ ಮಾಡಿ ಹಡಗು ಹತ್ತಿತು. ಹುಡುಗನಿಗೆ ಹತ್ತಿ ಗಿರಣಿಯಲ್ಲಿ ಸಿಕ್ಕಿದ ಮೊದಲ ಸಂಬಳ ವಾರಕ್ಕೆ ಒಂದು ಡಾಲರ್ ಇಪ್ಪತ್ತು ಸೆಂಟು. ಅಲ್ಲಿಂದ ತಂತಿ ಕಚೇರಿ, ರೈಲ್ವೆ, ಸೇತುವೆ, ಕಬ್ಬಿಣ, ಉಕ್ಕು. 1901ರಲ್ಲಿ ತಮ್ಮ ಉಕ್ಕಿನ ಕಂಪನಿಯನ್ನು ಜೆ. ಪಿ. ಮಾರ್ಗನ್ ಅವರಿಗೆ 48 ಕೋಟಿ ಡಾಲರಿಗೆ ಮಾರಿದಾಗ ಅವರು ಜಗತ್ತಿನ ಅತಿ ಶ್ರೀಮಂತರ ಸಾಲಿನಲ್ಲಿದ್ದರು. ಇದಕ್ಕೂ ಹನ್ನೆರಡು ವರ್ಷ ಮುಂಚೆಯೇ, 1889ರಲ್ಲಿ, ಅವರು ಸಂಪತ್ತನ್ನು ಕುರಿತು ಪ್ರಸಿದ್ಧವಾದ ಪ್ರಬಂಧವೊಂದನ್ನು ಪ್ರಕಟಿಸಿದ್ದರು. ಹೆಚ್ಚುವರಿ ಸಂಪತ್ತಿಗೆ ಶ್ರೀಮಂತನು ಒಡೆಯನಲ್ಲ, ಸಮಾಜದ ಪರವಾಗಿ ಅದನ್ನು ಕಾಯುವ ಧರ್ಮದರ್ಶಿ ಮಾತ್ರ. ಅದನ್ನು ಬದುಕಿರುವಾಗಲೇ ವಿತರಿಸಬೇಕು ಎಂಬುದು ಅದರ ತಿರುಳು. ಕಂಡಕಂಡವರಿಗೆ ಭಿಕ್ಷೆ ಹಾಕುವುದನ್ನು ಅವರು ಅದೇ ಪ್ರಬಂಧದಲ್ಲಿ ಕಟುವಾಗಿ ನಿರಾಕರಿಸಿದರು. ತನ್ನನ್ನು ತಾನು ಮೇಲೆತ್ತಿಕೊಳ್ಳಲು ಯತ್ನಿಸುವವನಿಗೆ ಏಣಿ ಒದಗಿಸಬೇಕು ಎಂಬುದು ಅವರ ನಿಲುವು. ಈ ನಿಲುವಿನಲ್ಲಿ ಬಡವನ ಬಗೆಗಿನ ಗೌರವವೂ ಇದೆ, ಸಿರಿವಂತನ ಅಹಂಕಾರವೂ ಇದೆ. ಎರಡನ್ನೂ ಬಿಡಿಸಿ ನೋಡುವುದು ಸುಲಭವಲ್ಲ.

ಅವರ ಮೊದಲ ಗ್ರಂಥಾಲಯ 1883ರಲ್ಲಿ ತವರೂರಾದ ಡನ್‌ಫರ್ಮ್‌ಲಿನ್‌ನಲ್ಲಿ ತೆರೆಯಿತು. ಆರಂಭದ ವರ್ಷಗಳಲ್ಲಿ ತಮ್ಮ ಕಾರ್ಖಾನೆಗಳಿದ್ದ ಊರುಗಳಿಗೆ ಅವರು ತಮಗೆ ತೋಚಿದಂತೆ ಕೊಟ್ಟರು. ಸಂಗೀತ ಸಭಾಂಗಣ, ಈಜುಕೊಳ, ವ್ಯಾಯಾಮಶಾಲೆ ಎಲ್ಲವನ್ನೂ ಕೂಡಿಸಿ ಅರಮನೆಯಂತೆ ಕಟ್ಟಿಸಿದ್ದೂ ಉಂಟು. ಆದರೆ ಸುದ್ದಿ ಹರಡಿದಂತೆ ಪತ್ರಗಳು ಬರತೊಡಗಿದವು. ಊರಿನ ಅಧ್ಯಕ್ಷರಿಂದ, ಶಾಲಾ ಮಾಸ್ತರರಿಂದ, ಪಾದ್ರಿಗಳಿಂದ, ಮಹಿಳಾ ಸಂಘಗಳಿಂದ, ಕೆಲವೊಮ್ಮೆ ಹೆಸರೇ ಕೇಳಿರದ ಹಳ್ಳಿಯ ವ್ಯಾಪಾರಿಯಿಂದ. ಎಲ್ಲವನ್ನೂ ದಾನಿಯೇ ಓದಿ ಉತ್ತರಿಸುವ ಕಾಲ ಮುಗಿದಿತ್ತು.

ಇಲ್ಲಿಯೇ ಜೇಮ್ಸ್ ಬರ್ಟ್ರಮ್ ಪ್ರವೇಶಿಸುತ್ತಾರೆ. ಇವರೂ ಸ್ಕಾಟ್ಲೆಂಡಿನವರೇ. 1897ರಲ್ಲಿ ಕಾರ್ನೆಗಿಯವರ ಖಾಸಗಿ ಕಾರ್ಯದರ್ಶಿಯಾಗಿ ಸೇರಿದ ಈ ಯುವಕರು ಮುಂದಿನ ಎರಡು ದಶಕಗಳ ಕಾಲ ಸಾವಿರಾರು ಊರುಗಳ ಅದೃಷ್ಟವನ್ನು ಒಂದು ಮೇಜಿನ ಮುಂದೆ ಕುಳಿತು ನಿರ್ಣಯಿಸಿದರು. ಊರೂರು ತಿರುಗಿ ನೋಡುವ ಅಭ್ಯಾಸ ಅವರಿಗಿರಲಿಲ್ಲ. ನಿಯೋಗ ಕಟ್ಟಿಕೊಂಡು ಬಂದು ಮುಖತಃ ಬೇಡಿಕೊಳ್ಳುತ್ತೇವೆಂಬುವವರನ್ನು ಅವರು ಉತ್ತೇಜಿಸುತ್ತಿರಲಿಲ್ಲ. ಎಲ್ಲವೂ ಅಂಚೆಯ ಮೂಲಕವೇ ನಡೆಯಬೇಕು. ವಾಕ್ಚಾತುರ್ಯಕ್ಕಾಗಲಿ ಶಿಫಾರಸಿಗಾಗಲಿ ಅವರ ಬಳಿ ಹೆಚ್ಚು ಬೆಲೆಯಿರಲಿಲ್ಲ. ಇದು ನಿಷ್ಠುರತೆ ಎನಿಸಬಹುದು. ಆದರೆ ಪ್ರಭಾವಿಗಳ ಪರಿಚಯವಿಲ್ಲದ, ನ್ಯೂಯಾರ್ಕಿಗೆ ರೈಲು ಖರ್ಚು ಭರಿಸಲಾಗದ ದೂರದ ಪುಟ್ಟ ಊರಿಗೆ ಇದಕ್ಕಿಂತ ದೊಡ್ಡ ನ್ಯಾಯ ಇನ್ನೇನಿತ್ತು? ಅಂಚೆ ಚೀಟಿಯ ಬೆಲೆ ಎಲ್ಲರಿಗೂ ಒಂದೇ ಅಲ್ಲವೇ.

ಪತ್ರ ಬರೆದ ಊರಿಗೆ ಬರ್ಟ್ರಮ್ ಅವರಿಂದ ಮೊದಲು ಹೋಗುತ್ತಿದ್ದುದು ಹಣವಲ್ಲ, ಅಚ್ಚು ಹಾಕಿಸಿದ ಪ್ರಶ್ನಾವಳಿ. ನಿಮ್ಮ ಊರಿನ ಜನಸಂಖ್ಯೆ ಎಷ್ಟು? ಈಗಾಗಲೇ ಗ್ರಂಥಾಲಯವಿದೆಯೇ? ಇದ್ದರೆ ಎಲ್ಲಿ, ಎಷ್ಟು ಕೋಣೆಗಳಲ್ಲಿ? ಪುಸ್ತಕಗಳೆಷ್ಟು? ಕಳೆದ ವರ್ಷ ಎಷ್ಟು ಪುಸ್ತಕಗಳನ್ನು ಓದುಗರು ಒಯ್ದರು? ಅದರ ಆದಾಯವೇನು, ವೆಚ್ಚವೇನು? ಕಟ್ಟಡಕ್ಕೆ ನಿವೇಶನ ಸಿದ್ಧವಿದೆಯೇ? ಪುರಸಭೆಯು ವರ್ಷವರ್ಷವೂ ತೆರಿಗೆಯ ಹಣದಿಂದ ಎಷ್ಟು ಮೊತ್ತವನ್ನು ಕೊಡಲು ಒಪ್ಪುತ್ತದೆ? ನಮಗೆ ಕಟ್ಟಡ ಎಷ್ಟು ಅಗತ್ಯ, ನಮ್ಮ ಮಕ್ಕಳು ಜ್ಞಾನಕ್ಕಾಗಿ ಹೇಗೆ ಹಾತೊರೆಯುತ್ತಿದ್ದಾರೆ ಎಂದು ಪುಟಗಟ್ಟಲೆ ಬರೆದು ಕಳುಹಿಸಿದವರಿಗೆ ಈ ಒಣ ಪ್ರಶ್ನೆಗಳು ನಿರಾಸೆ ತಂದಿರಲೇಬೇಕು. ಅರ್ಜಿ ನಮೂನೆ ತುಂಬಿದ ಅನುಭವವಿರುವ ಓದುಗರಿಗೆ ಈ ನಿರಾಸೆಯ ಪರಿಚಯ ಚೆನ್ನಾಗಿಯೇ ಇರುತ್ತದೆ. ಕೊರತೆಯನ್ನು ವರ್ಣಿಸುವುದು ನಮಗೆ ಸುಲಭ. ನಮ್ಮ ಬಳಿ ಈಗ ಏನಿದೆ, ನಾಳೆ ನಾವೇನು ಕೊಡುತ್ತೇವೆ ಎಂದು ಅಂಕಿಗಳಲ್ಲಿ ಹೇಳುವುದು ಕಷ್ಟ.

ಈ ಪ್ರಶ್ನೆಗಳಲ್ಲೆಲ್ಲ ಕೊನೆಯದೇ ಜೀವಾಳ. ಕಾರ್ನೆಗಿಯವರು ಕಟ್ಟಡಕ್ಕೆ ಮಾತ್ರ ಹಣ ಕೊಡುತ್ತಿದ್ದರು. ನಿವೇಶನವನ್ನು ಊರೇ ಒದಗಿಸಬೇಕು. ಪುಸ್ತಕಕ್ಕೆ, ಗ್ರಂಥಪಾಲಕರ ಸಂಬಳಕ್ಕೆ, ದೀಪಕ್ಕೆ, ಚಳಿಗಾಲದ ಕಲ್ಲಿದ್ದಲಿಗೆ ಅವರಿಂದ ಏನೂ ಇಲ್ಲ. ಅದಕ್ಕೆ ಬದಲಾಗಿ, ಕೊಟ್ಟ ಅನುದಾನದ ಶೇಕಡ 10ರಷ್ಟನ್ನು ಪ್ರತಿವರ್ಷವೂ ಊರಿನ ತೆರಿಗೆಯಿಂದ ಗ್ರಂಥಾಲಯಕ್ಕೆ ಮೀಸಲಿಡುವುದಾಗಿ ಪುರಸಭೆ ವಿಧ್ಯುಕ್ತವಾಗಿ ಠರಾವು ಮಾಡಿ ಕಳುಹಿಸಬೇಕಿತ್ತು. ಅನುದಾನವು ಸಾಮಾನ್ಯವಾಗಿ ತಲೆಗೆ ಎರಡು ಡಾಲರಿನ ಲೆಕ್ಕದಲ್ಲಿ ಇರುತ್ತಿತ್ತು. 5,000 ಜನರ ಊರಿಗೆ 10,000 ಡಾಲರ್ ಎಂದಿಟ್ಟುಕೊಳ್ಳೋಣ. ಆಗ ಆ ಊರು ವರ್ಷಕ್ಕೆ 1,000 ಡಾಲರ್ ಕೊಡಬೇಕು, ಅಂದರೆ ತಲೆಗೆ 20 ಸೆಂಟು. ಹತ್ತು ವರ್ಷ ಕಳೆದರೆ ದಾನಿ ಕೊಟ್ಟಷ್ಟೇ ಹಣವನ್ನು ಊರೂ ಕೊಟ್ಟಂತಾಯಿತು. ಅಲ್ಲಿಂದ ಮುಂದೆ ಊರಿನ ಪಾಲೇ ಹೆಚ್ಚು. ಖಾಸಗಿ ಚಂದಾ ಎತ್ತಿ ಕೊಡುತ್ತೇವೆ ಎಂಬ ಮಾತಿಗೆ ಬರ್ಟ್ರಮ್ ಒಪ್ಪುತ್ತಿರಲಿಲ್ಲ. ಉದಾರಿಗಳ ಉತ್ಸಾಹ ಇಂದು ಇರುತ್ತದೆ, ನಾಳೆ ಇರುವುದಿಲ್ಲ. ತೆರಿಗೆಯಾದರೆ ಊರಿನ ಪ್ರತಿಯೊಬ್ಬನೂ ಪಾಲುದಾರ. ಉಚಿತವಾಗಿ ಸಿಕ್ಕಿದ್ದು ಎಂದು ಕೈಕಟ್ಟಿ ನಿಲ್ಲದೆ, ನಮ್ಮದು ಎಂದು ಜನ ಎದೆ ತಟ್ಟಿ ಒಳಗೆ ಬರಬೇಕಾದರೆ ಇದೇ ಮಾರ್ಗವೆಂದು ದಾನಿ ನಂಬಿದ್ದರು.

ಈ ಠರಾವಿನ ಹಿಂದೆ ಅನೇಕ ಕಡೆ ಹೆಂಗಸರ ದುಡಿಮೆ ಇತ್ತು ಎಂಬುದನ್ನು ಇಲ್ಲಿ ಹೇಳಲೇಬೇಕು. ಅಮೆರಿಕದ ಬಹುತೇಕ ಹೆಂಗಸರಿಗೆ ಆಗಿನ್ನೂ ಮತದಾನದ ಹಕ್ಕು ಇರಲಿಲ್ಲ. ಆದರೂ ಊರಿನ ಮಹಿಳಾ ಸಂಘಗಳು ಅಂಗಡಿಯ ಮೇಲಿನ ಒಂದು ಕೋಣೆಯಲ್ಲೋ ಪುರಭವನದ ಮೂಲೆಯಲ್ಲೋ ನೂರಿನ್ನೂರು ಪುಸ್ತಕಗಳನ್ನು ಕೂಡಿಸಿ, ತಿಂಡಿ ಮಾರಿ ಬಂದ ಹಣದಲ್ಲಿ ಇನ್ನಷ್ಟು ಕೊಂಡು, ಸರದಿಯ ಮೇಲೆ ಕುಳಿತು ಗ್ರಂಥಾಲಯ ನಡೆಸಿದ್ದವು. ನಿಮ್ಮಲ್ಲಿ ಈಗ ಎಷ್ಟು ಪುಸ್ತಕಗಳಿವೆ ಎಂಬ ಪ್ರಶ್ನೆಗೆ ಮರ್ಯಾದೆಯಿಂದ ಉತ್ತರಿಸಲು ಸಾಧ್ಯವಾದುದು ಇಂತಹವರ ಕಾರಣದಿಂದ. ಆದರೆ ಅನುದಾನದ ಪತ್ರ ಬರುತ್ತಿದ್ದುದು ಪುರಸಭೆಯ ಹೆಸರಿಗೆ. ಉದ್ಘಾಟನೆಯ ದಿನ ವೇದಿಕೆಯ ಮೇಲೆ ಕುಳಿತವರಲ್ಲಿ ಹೆಚ್ಚಿನವರು ಗಂಡಸರೇ ಎಂಬುದನ್ನು ಊಹಿಸಲು ಹಳೆಯ ಛಾಯಾಚಿತ್ರಗಳನ್ನು ಹುಡುಕಬೇಕಾಗಿಲ್ಲ.

ಅರ್ಜಿದಾರರೆಲ್ಲ ಸತ್ಯಸಂಧರಾಗಿದ್ದರೆಂದು ತಿಳಿಯಬಾರದು. ತಲೆಯೆಣಿಕೆಯ ಮೇಲೆ ಹಣವೆಂದಾಗ ಊರುಗಳು ಇದ್ದಕ್ಕಿದ್ದಂತೆ ಬೆಳೆದುಬಿಟ್ಟವು. ನಮ್ಮ ಊರು ವೇಗವಾಗಿ ಬೆಳೆಯುತ್ತಿದೆ, ಇನ್ನೈದು ವರ್ಷಕ್ಕೆ ದುಪ್ಪಟ್ಟಾಗುತ್ತದೆ ಎಂಬ ಭರವಸೆಯ ಅಂಕಿಗಳನ್ನು ಬರ್ಟ್ರಮ್ ನಿರಾಕರಿಸಿ, ಸರ್ಕಾರದ ಜನಗಣತಿಯ ಅಂಕಿಯನ್ನೇ ಹಿಡಿದರು. ಕೊಟ್ಟ ಹಣ ಕಂಬಗಳಿಗೆ, ಗುಮ್ಮಟಗಳಿಗೆ, ಭವ್ಯ ಮೆಟ್ಟಿಲುಗಳಿಗೆ ಮುಗಿದು ಪುಸ್ತಕ ಇಡಲು ಜಾಗವಿಲ್ಲದಾದಾಗ, ನಕ್ಷೆಗಳನ್ನು ಮುಂಚಿತವಾಗಿ ಕಳುಹಿಸಿ ಒಪ್ಪಿಗೆ ಪಡೆಯಬೇಕೆಂಬ ನಿಯಮ ಬಂತು. 1911ರಲ್ಲಿ ಕಟ್ಟಡಗಳ ಬಗ್ಗೆ ಸೂಚನೆಗಳ ಕಿರುಪುಸ್ತಿಕೆಯನ್ನೇ ಅವರು ಮಾದರಿ ನಕ್ಷೆಗಳೊಡನೆ ಹೊರಡಿಸಿದರು. ಕಾರ್ನೆಗಿಯವರಿಗೆ ಇಂಗ್ಲಿಷ್ ಕಾಗುಣಿತವನ್ನು ಸರಳಗೊಳಿಸುವ ಹುಚ್ಚೂ ಇದ್ದುದರಿಂದ, ಕಾರ್ಯದರ್ಶಿಯ ಪತ್ರಗಳು ಅರ್ಧಂಬರ್ಧ ಅಕ್ಷರಗಳ ವಿಚಿತ್ರ ಇಂಗ್ಲಿಷಿನಲ್ಲಿ ಇರುತ್ತಿದ್ದವು. ಗ್ರಂಥಾಲಯಕ್ಕಾಗಿ ಅರ್ಜಿ ಹಾಕಿದ ವಿದ್ಯಾವಂತರು ಕಾಗುಣಿತ ತಪ್ಪಿದ ಆ ಉತ್ತರವನ್ನು ಕೈಯಲ್ಲಿ ಹಿಡಿದು ಏನೆಂದುಕೊಂಡರೋ!

ಮಂಜೂರಾದ ಮೇಲೂ ಹಣ ಒಮ್ಮೆಗೇ ಬರುತ್ತಿರಲಿಲ್ಲ. ಕೆಲಸ ಇಷ್ಟರಮಟ್ಟಿಗೆ ಆಗಿದೆಯೆಂಬ ದೃಢೀಕರಣ ಬಂದಂತೆ, ಕಾರ್ನೆಗಿಯವರ ಹಣಕಾಸನ್ನು ನೋಡಿಕೊಳ್ಳುತ್ತಿದ್ದ ರಾಬರ್ಟ್ ಫ್ರಾಂಕ್ಸ್ ಕಂತುಗಳಲ್ಲಿ ಬಿಡುಗಡೆ ಮಾಡುತ್ತಿದ್ದರು.

ದೇವಾಲಯಗಳೂ ಈ ಮೇಜಿನ ಮುಂದೆ ನಿಂತಿದ್ದವು ಎಂಬುದು ನಮ್ಮ ಓದುಗರಿಗೆ ವಿಶೇಷವೆನಿಸಬಹುದು. ಕಾರ್ನೆಗಿಯವರು ತಮ್ಮ ಜೀವಿತದಲ್ಲಿ 7,600ಕ್ಕೂ ಮಿಕ್ಕಿ ದೇವಾಲಯಗಳಿಗೆ ಆರ್ಗನ್ ವಾದ್ಯಗಳನ್ನು ಒದಗಿಸಲು ನೆರವಾದರು. ಮೊದಲನೆಯದನ್ನು ಕೊಟ್ಟದ್ದು ತಂದೆ ಹೋಗುತ್ತಿದ್ದ ಪುಟ್ಟ ಪ್ರಾರ್ಥನಾ ಮಂದಿರಕ್ಕೆ. ಸುದ್ದಿ ಹರಡಿದೊಡನೆ ಅರ್ಜಿಗಳ ಮಹಾಪೂರವೇ ಬಂತು. ತಮ್ಮ ದೇವಾಲಯದ ಅಳತೆಗೆ ಮೀರಿದ ವಾದ್ಯವನ್ನು ಕೇಳಿದವರುಂಟು. ತಾವೇ ಕೊಳ್ಳಬಲ್ಲ ಶ್ರೀಮಂತ ಸಭೆಗಳೂ ಸಾಲಿನಲ್ಲಿ ನಿಂತವು. ಇಲ್ಲಿಯೂ ಬಂದದ್ದು ಅಚ್ಚಾದ ಪ್ರಶ್ನಾವಳಿಯೇ: ಅದನ್ನು ತುಂಬಿ ಕಳುಹಿಸದೆ ಯಾವ ವಿಚಾರಣೆಯೂ ಇಲ್ಲ, ದೇವಾಲಯದ ಗಾತ್ರಕ್ಕೆ ತಕ್ಕಂತೆ ಕೊಡುಗೆ. ಸ್ಕಾಟ್ಲೆಂಡಿನ ಮಲೆನಾಡಿನ ಕಟ್ಟುನಿಟ್ಟಿನ ಭಕ್ತರಂತೂ ವಾದ್ಯಗಳನ್ನು ತುಂಬಿ ಈತ ದೇವಾರಾಧನೆಯನ್ನೇ ಕೆಡಿಸುತ್ತಿದ್ದಾನೆಂದು ದೂರಿದರು. ಕಾರ್ನೆಗಿಯವರು ಸಾಂಪ್ರದಾಯಿಕ ಅರ್ಥದಲ್ಲಿ ಭಕ್ತರಾಗಿರಲಿಲ್ಲ. ಪೀಠದಿಂದ ಬರುವ ಪ್ರಬೋಧನೆಗೆ ತಾನು ಹೊಣೆಯಾಗಲಾರೆ, ಆದರೆ ಸಂಗೀತಕ್ಕೆ ಹೊಣೆಯಾಗಬಲ್ಲೆ ಎಂಬ ಧೋರಣೆ ಅವರದು. ಪ್ರಬೋಧನೆ ಮಾಡುವವರಾದ ನಾವು ಈ ಮಾತನ್ನು ನಗುತ್ತಲೇ ಸ್ವೀಕರಿಸುವುದು ಲೇಸು.

ಒಟ್ಟು 2,509 ಗ್ರಂಥಾಲಯಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಸಾರ್ವಜನಿಕ ಗ್ರಂಥಾಲಯ ಕಟ್ಟಡಗಳೇ 1,679, ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ 660, ಕೆನಡಾದಲ್ಲಿ 125. ಉಳಿದವು ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ ಮೊದಲಾದ ಕಡೆ. 1911ರಲ್ಲಿ 'ಕಾರ್ನೆಗಿ ಕಾರ್ಪೊರೇಷನ್ ಆಫ್ ನ್ಯೂಯಾರ್ಕ್' ಎಂಬ ಪ್ರತಿಷ್ಠಾನ ಸ್ಥಾಪನೆಯಾಗಿ, ಒಬ್ಬ ಮನುಷ್ಯನ ಖಾಸಗಿ ದಾನವು ಸಂಸ್ಥೆಯ ಅನುದಾನವಾಗಿ ಮಾರ್ಪಟ್ಟಿತು. ಬರ್ಟ್ರಮ್ ಅದರ ಕಾರ್ಯದರ್ಶಿಯಾಗಿ ಮುಂದುವರಿದರು. ಊರೂರುಗಳ ಆ ಪತ್ರವ್ಯವಹಾರ ಇಂದು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸಂಶೋಧಕರಿಗೆ ಲಭ್ಯವಿದೆ.

ಇಷ್ಟೆಲ್ಲ ಕೇಳಿದ ಮೇಲೆ ಒಂದು ಪ್ರಶ್ನೆ ಏಳಬೇಕು. ಈ ಹಣ ಎಲ್ಲಿಂದ ಬಂತು?

1892ರಲ್ಲಿ ಪಿಟ್ಸ್‌ಬರ್ಗ್ ಸಮೀಪದ ಹೋಮ್‌ಸ್ಟೆಡ್ ಎಂಬಲ್ಲಿನ ಕಾರ್ನೆಗಿ ಉಕ್ಕಿನ ಕಾರ್ಖಾನೆಯಲ್ಲಿ ಕೂಲಿ ಕಡಿತದ ಪ್ರಸ್ತಾಪ ಬಂತು. ಕಾರ್ಮಿಕ ಸಂಘ ಒಪ್ಪಲಿಲ್ಲ. ವ್ಯವಸ್ಥಾಪಕರಾದ ಹೆನ್ರಿ ಕ್ಲೇ ಫ್ರಿಕ್ ಕಾರ್ಖಾನೆಗೆ ಬೀಗ ಹಾಕಿ, ಪಿಂಕರ್ಟನ್ ಸಂಸ್ಥೆಯ ಸುಮಾರು 300 ಮಂದಿ ಶಸ್ತ್ರಧಾರಿ ಕಾವಲುಗಾರರನ್ನು ದೋಣಿಗಳಲ್ಲಿ ತರಿಸಿದರು. ಜುಲೈ 6ರಂದು ನದಿಯ ದಡದಲ್ಲಿ ಗುಂಡಿನ ಕಾಳಗವೇ ನಡೆದು ಎರಡೂ ಕಡೆ ಪ್ರಾಣಹಾನಿಯಾಯಿತು. ಬಳಿಕ ಸೈನ್ಯ ಬಂತು, ಸಂಘ ಮುರಿದುಬಿತ್ತು. ಆಗ ಕಾರ್ನೆಗಿಯವರು ಸ್ಕಾಟ್ಲೆಂಡಿನಲ್ಲಿದ್ದರು. ಆದರೆ ಫ್ರಿಕ್ ಅವರಿಗೆ ಅವರ ಬೆಂಬಲವಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆರು ವರ್ಷಗಳ ಅನಂತರ, 1898ರಲ್ಲಿ, ಅದೇ ಹೋಮ್‌ಸ್ಟೆಡ್‌ನಲ್ಲಿ ಅವರ ಭವ್ಯ ಗ್ರಂಥಾಲಯ ತೆರೆಯಿತು. ದಿನಕ್ಕೆ ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೇಯುವವನಿಗೆ ಪುಸ್ತಕ ಹಿಡಿಯಲು ಕೈಯಲ್ಲಿ ಬಲವೆಲ್ಲಿ ಉಳಿದಿರುತ್ತದೆ ಎಂದು ಕಾರ್ಮಿಕರು ಕೇಳಿದರು. ಕೂಲಿಯಲ್ಲಿ ಕಡಿದದ್ದನ್ನು ಕಟ್ಟಡವಾಗಿ ಹಿಂದಿರುಗಿಸಿದರೆ ಅದನ್ನು ದಾನವೆನ್ನಬಹುದೇ?

ಈ ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ಬಿಡದೆ ಮತಪೆಟ್ಟಿಗೆಗೆ ಒಯ್ದ ಊರು ವೆಸ್ಟ್ ವರ್ಜೀನಿಯಾದ ವೀಲಿಂಗ್. ಅದೂ ಕಬ್ಬಿಣ ಉಕ್ಕುಗಳ ಊರೇ. 1904ರಲ್ಲಿ ಕಾರ್ನೆಗಿ ಅನುದಾನವನ್ನು ಒಪ್ಪಿ ತೆರಿಗೆ ಹಾಕಿಕೊಳ್ಳುವ ಪ್ರಸ್ತಾಪ ಜನರ ಮುಂದೆ ಬಂದಾಗ, ಕಾರ್ಮಿಕ ಸಂಘಗಳು ಹೋಮ್‌ಸ್ಟೆಡ್‌ನ ನೆನಪನ್ನು ಮನೆಮನೆಗೆ ಕೊಂಡೊಯ್ದವು. ಮುಂದಾಳುಗಳಲ್ಲಿ ಒಬ್ಬರು ಮದ್ಯ ತಯಾರಿಕಾ ಘಟಕದ ಕಾರ್ಮಿಕರಾದ ವ್ಯಾಲೆಂಟೈನ್ ರಾಯ್ಥರ್. ಮುಂದೆ ಅಮೆರಿಕದ ಮೋಟಾರು ಕಾರ್ಮಿಕರ ನಾಯಕರಾದ ವಾಲ್ಟರ್ ರಾಯ್ಥರ್ ಅವರ ತಂದೆ. ಪ್ರಸ್ತಾಪ ಸೋತಿತು. ವೀಲಿಂಗಿನ ಜನ ಕೆಲವು ವರ್ಷಗಳ ಅನಂತರ ತಮ್ಮ ಹಣದಿಂದಲೇ ಗ್ರಂಥಾಲಯ ಕಟ್ಟಿಕೊಂಡರು. ಹೀಗೆ ಅರ್ಜಿ ಹಾಕಿ ಕೊನೆಗೆ ಬೇಡವೆಂದ ಅಥವಾ ಷರತ್ತು ಪೂರೈಸಲಾಗದೆ ಕೈಬಿಟ್ಟ ಊರುಗಳು ಅಮೆರಿಕದಲ್ಲಿ ಇನ್ನೂರಕ್ಕೂ ಹೆಚ್ಚು. ಎಲ್ಲ ಕಡೆಯೂ ಕಾರಣ ಇಷ್ಟು ಉದಾತ್ತವಾಗಿರಲಿಲ್ಲ. ಹಲವೆಡೆ ತೆರಿಗೆಗೆ ಹೆದರಿದರು, ಕೆಲವೆಡೆ ನಿವೇಶನಕ್ಕಾಗಿ ಕಚ್ಚಾಡಿದರು.

ನನ್ನ ಅಭಿಪ್ರಾಯವನ್ನು ಕೇಳಿದರೆ, ವೀಲಿಂಗಿನ ಕಾರ್ಮಿಕರನ್ನು ನಾನು ಗೌರವಿಸುತ್ತೇನೆ. ಅನುದಾನ ಪಡೆದ ನೆರೆಯ ಊರುಗಳನ್ನು ಖಂಡಿಸಲಾರೆ. ಹಸಿದ ಮಗುವಿನ ಮುಂದೆ ಅನ್ನದ ಮೂಲವನ್ನು ವಿಚಾರಿಸುತ್ತಾ ಕೂರಲಾಗದು. ಆದರೆ ಕೊಡುವವನ ಕೈಯನ್ನು ನೋಡುವ ಹಕ್ಕು ಪಡೆಯುವವನಿಗೂ ಇದೆಯೆಂದು ತೋರಿಸಿಕೊಡಲು ಒಂದು ಊರಾದರೂ ಬೇಕಿತ್ತು.

ಇನ್ನು ವಾಗ್ದಾನದ ಮಾತು. ಕಟ್ಟಡ ಎದ್ದ ಮೇಲೆ ಶೇಕಡ 10ನ್ನು ಮರೆತ ಊರುಗಳಿದ್ದವು. ಪುರಸಭೆಯ ಆಡಳಿತ ಬದಲಾಗುತ್ತದೆ. ಹಿಂದಿನವರ ಠರಾವು ತಮಗೇಕೆ ಎಂಬ ಧೋರಣೆ ಬರುತ್ತದೆ. ಬರ್ಟ್ರಮ್ ಎಚ್ಚರಿಕೆಯ ಪತ್ರಗಳನ್ನು ಬರೆಯುತ್ತಿದ್ದರು. ಕಟ್ಟಿದ ಕಟ್ಟಡವನ್ನು ಹಿಂದಕ್ಕೆ ಪಡೆಯುವುದು ಹೇಗೆ? 1915ರ ಕೊನೆಯಲ್ಲಿ ಪ್ರತಿಷ್ಠಾನದ ಧರ್ಮದರ್ಶಿಗಳು ಅರ್ಥಶಾಸ್ತ್ರಜ್ಞರಾದ ಆಲ್ವಿನ್ ಜಾನ್ಸನ್ ಅವರಿಗೆ ಒಂದು ಕೆಲಸ ಒಪ್ಪಿಸಿದರು: ಹೋಗಿ ಕಣ್ಣಾರೆ ನೋಡಿಕೊಂಡು ಬನ್ನಿ. ಅವರು ಸುಮಾರು ಹತ್ತು ವಾರಗಳಲ್ಲಿ ನೂರರಷ್ಟು ಗ್ರಂಥಾಲಯಗಳನ್ನು ಸುತ್ತಿದರು. ಕಾಗದದ ಮೇಲೆ ಕಾಣದ್ದು ಅವರಿಗೆ ಕಂಡಿತು. ಸುಂದರ ಕಟ್ಟಡವಿದೆ, ಹೊಸ ಪುಸ್ತಕಗಳಿಲ್ಲ. ಊರಿನ ಶೋಭೆಗೆಂದು ಆರಿಸಿದ ನಿವೇಶನ, ಜನ ವಾಸಿಸುವ ಕಡೆಯಿಂದ ದೂರ. ಎಲ್ಲಕ್ಕಿಂತ ಮಿಗಿಲಾಗಿ, ತರಬೇತಿ ಪಡೆದ ಗ್ರಂಥಪಾಲಕರಿಲ್ಲ. ಕಲ್ಲಿಗಿಂತ ಮನುಷ್ಯರ ಮೇಲೆ ಹಣ ಹಾಕಿ, ಅರ್ಜಿಗಳನ್ನು ಸ್ಥಳ ಪರಿಶೀಲನೆ ಮಾಡಿ ಎಂಬುದು 1916ರಲ್ಲಿ ಅವರು ಸಲ್ಲಿಸಿದ ವರದಿಯ ಸಾರ. ಮೇಜಿನಿಂದ ಏಳದೆ ಇಡೀ ವ್ಯವಸ್ಥೆಯನ್ನು ಕಟ್ಟಿದ್ದ ಬರ್ಟ್ರಮ್ ಅವರಿಗೆ ಇದು ಸಹಿಸದಾಯಿತು. ಅವರ ವಿರೋಧ ತೀವ್ರವಾಗಿತ್ತು. ಅಷ್ಟರಲ್ಲಿ ಅಮೆರಿಕ ಮಹಾಯುದ್ಧಕ್ಕೆ ಇಳಿಯಿತು. 1917ರ ನವೆಂಬರಿನಲ್ಲಿ ಹೊಸ ಕಟ್ಟಡಗಳಿಗೆ ಅನುದಾನ ನಿಂತಿತು, ಪುನಃ ಆರಂಭವಾಗಲೇ ಇಲ್ಲ. ಕಾರ್ನೆಗಿಯವರು 1919ರ ಆಗಸ್ಟ್ 11ರಂದು ತೀರಿಕೊಂಡರು. ಆ ವೇಳೆಗೆ ಅವರು ಸುಮಾರು 35 ಕೋಟಿ ಡಾಲರ್ ಹಂಚಿದ್ದರು.

ಈ ಗಾಳಿ ನಮ್ಮ ನಾಡಿಗೂ ಬೀಸಿತ್ತು. ಅಮೆರಿಕ ಪ್ರವಾಸದಲ್ಲಿ ಅಲ್ಲಿನ ಗ್ರಂಥಾಲಯಗಳನ್ನು ಕಂಡು ಮೆಚ್ಚಿದ ಬರೋಡದ ಮಹಾರಾಜ ಸಯಾಜಿರಾವ್ ಗಾಯಕವಾಡರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬ ಅಮೆರಿಕನ್ ಗ್ರಂಥಪಾಲಕರನ್ನು ಕರೆಸಿದರು. ಗ್ರಾಮ ಗ್ರಂಥಾಲಯಕ್ಕೆ ಜನ ಒಂದು ಪಾಲು, ಸ್ಥಳೀಯ ಸಂಸ್ಥೆ ಒಂದು ಪಾಲು, ಸಂಸ್ಥಾನ ಒಂದು ಪಾಲು ಎಂಬ ಮೂರು ಪಾಲಿನ ಪದ್ಧತಿ ಅಲ್ಲಿ ನೆಲೆಗೊಂಡಿತು. ನಮ್ಮ ಮೈಸೂರು ಸಂಸ್ಥಾನದಲ್ಲಿ 1920ರ ದಶಕದ ಕೊನೆಯಿಂದ ರಾಕ್‌ಫೆಲ್ಲರ್ ಪ್ರತಿಷ್ಠಾನವು ಸರ್ಕಾರದೊಡನೆ ಸೇರಿ ಮಲೇರಿಯಾ ಅಧ್ಯಯನ ನಡೆಸಿತು. ಆಗ ಕ್ಲೋಸ್‌ಪೇಟೆ ಎಂದು ಕರೆಯಲಾಗುತ್ತಿದ್ದ ರಾಮನಗರದಲ್ಲಿ 1930ರ ದಶಕದಲ್ಲಿ ಗ್ರಾಮೀಣ ಆರೋಗ್ಯ ಕೇಂದ್ರ ತೆರೆಯಲೂ ಅದು ನೆರವಾಯಿತು. ಸರ್ಕಾರಗಳೊಡನೆ ವ್ಯವಹರಿಸುವಾಗ ಮೊದಲ ವರ್ಷಗಳಲ್ಲಿ ಹೆಚ್ಚು ಕೊಟ್ಟು, ಕ್ರಮೇಣ ಕಡಿಮೆ ಮಾಡಿ, ಹೊಣೆಯನ್ನು ಸ್ಥಳೀಯರಿಗೇ ದಾಟಿಸುವುದು ಆ ಪ್ರತಿಷ್ಠಾನದ ಸಾಮಾನ್ಯ ನೀತಿ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನು ಕಟ್ಟುತ್ತಿದ್ದೇವೆ. ರಸೀದಿಯಲ್ಲಿನ ಆ ಸಾಲನ್ನು ಎಷ್ಟು ಮಂದಿ ಗಮನಿಸಿದ್ದೇವೆ?

ಇಂದು ಸೇವಾಸಂಸ್ಥೆಯೊಂದು ಅರ್ಜಿ ಹಾಕಬೇಕಾದರೆ ಕಾಗದಗಳು ಹೆಚ್ಚಿವೆ: ಸೊಸೈಟಿಯ ಅಥವಾ ಟ್ರಸ್ಟಿನ ನೋಂದಣಿ, ಆದಾಯ ತೆರಿಗೆ ಇಲಾಖೆಯ ನೋಂದಣಿ, ಹಿಂದಿನ ವರ್ಷಗಳ ಲೆಕ್ಕಪರಿಶೋಧನಾ ವರದಿ, ಆಡಳಿತ ಮಂಡಳಿಯ ಠರಾವು, ಯೋಜನೆಯ ಅಂದಾಜು. ವಿದೇಶೀ ಹಣವಾದರೆ 2010ರ ವಿದೇಶೀ ದೇಣಿಗೆ ನಿಯಂತ್ರಣ ಕಾಯಿದೆ ಅನ್ವಯಿಸುತ್ತದೆ. 2020ರ ತಿದ್ದುಪಡಿಯ ಪ್ರಕಾರ ಆಡಳಿತ ವೆಚ್ಚ ಶೇಕಡ 20ನ್ನು ಮೀರುವಂತಿಲ್ಲ, ಪಡೆದ ಹಣವನ್ನು ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ. 2013ರ ಕಂಪನಿ ಕಾಯಿದೆಯಂತೆ ದೊಡ್ಡ ಕಂಪನಿಗಳು ತಮ್ಮ ಸರಾಸರಿ ಲಾಭದ ಶೇಕಡ 2ನ್ನು ಸಮಾಜಕ್ಕೆ ವ್ಯಯಿಸಬೇಕು; ಅದನ್ನು ಪಡೆಯಬಯಸುವ ಸಂಸ್ಥೆಗಳು 2021ರಿಂದ ಕೇಂದ್ರ ಸರ್ಕಾರದಲ್ಲಿ ಪ್ರತ್ಯೇಕವಾಗಿ ನೋಂದಾಯಿಸಿಕೊಳ್ಳಬೇಕು. ಈ ಕಾಗದಗಳ ನಡುವೆ ಹುದುಗಿರುವ ಮುಖ್ಯ ಪ್ರಶ್ನೆ ಮಾತ್ರ ಬರ್ಟ್ರಮ್ ಕೇಳಿದ್ದೇ: ಅನುದಾನ ಮುಗಿದ ಮರುವರ್ಷ ಇದನ್ನು ನಡೆಸುವವರು ಯಾರು? ಎಷ್ಟೋ ಅರ್ಜಿಗಳಲ್ಲಿ ಈ ಜಾಗದಲ್ಲಿ ಬರೆದಿರುವುದು ಇನ್ನೊಂದು ಅನುದಾನದ ನಿರೀಕ್ಷೆಯನ್ನು ಮಾತ್ರ.

ಆದರೆ ಬರ್ಟ್ರಮ್ ಅವರ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆ ಇರಲಿಲ್ಲ. ಜನಸಂಖ್ಯೆ ಎಷ್ಟೆಂದು ಕೇಳಿದರು. ಆ ಜನರಲ್ಲಿ ಯಾರು ಒಳಗೆ ಬರಬಹುದೆಂದು ಕೇಳಲಿಲ್ಲ.

ಅಮೆರಿಕದ ದಕ್ಷಿಣ ಭಾಗದಲ್ಲಿ ಆಗ ಬಿಳಿಯರು ಕರಿಯರು ಒಂದೇ ಶಾಲೆಯಲ್ಲಿ ಕೂರುವಂತಿರಲಿಲ್ಲ, ಒಂದೇ ಗ್ರಂಥಾಲಯದಲ್ಲಿ ಓದುವಂತಿರಲಿಲ್ಲ. 1902ರಲ್ಲಿ ಅಟ್ಲಾಂಟಾ ನಗರದಲ್ಲಿ ಕಾರ್ನೆಗಿ ಗ್ರಂಥಾಲಯ ತೆರೆದಾಗ, ಆ ನಗರದ ವಿಶ್ವವಿದ್ಯಾಲಯದಲ್ಲಿ ಬೋಧಿಸುತ್ತಿದ್ದ ಕರಿಯ ವಿದ್ವಾಂಸ ಡಬ್ಲ್ಯು. ಇ. ಬಿ. ಡುಬೋಯ್ಸ್ ಕೆಲವರೊಡನೆ ಹೋಗಿ ಧರ್ಮದರ್ಶಿಗಳ ಮುಂದೆ ಮನವಿ ಸಲ್ಲಿಸಿದರು. ಇಡೀ ನಗರಕ್ಕೆ ಬಂದ ಕೊಡುಗೆ ಇದು, ಇದನ್ನು ನಡೆಸುವ ತೆರಿಗೆಯಲ್ಲಿ ನಮ್ಮದೂ ಸೇರಿದೆ ಎಂಬುದು ಅವರ ವಾದ. ಐವತ್ತು ವರ್ಷಗಳ ಹಿಂದೆ ಪಿಟ್ಸ್‌ಬರ್ಗಿನ ಹುಡುಗನೊಬ್ಬ ಪತ್ರಿಕೆಗೆ ಬರೆದ ವಾದವೂ ಇದೇ ಜಾತಿಯದು. ಹುಡುಗನಿಗೆ ಬಾಗಿಲು ತೆರೆದಿತ್ತು. ಡುಬೋಯ್ಸ್ ಅವರಿಗೆ ತೆರೆಯಲಿಲ್ಲ; ಕರಿಯರಿಗೆ ಪ್ರತ್ಯೇಕ ಶಾಖೆಯೊಂದರ ಮಾತಾಡಿ ಕಳುಹಿಸಿದರು. ಆ ಶಾಖೆ ತೆರೆದದ್ದು 1921ರಲ್ಲಿ.

ಕೆಂಟಕಿ ರಾಜ್ಯದ ಲೂಯಿವಿಲ್‌ನಲ್ಲಿ ಮಾತ್ರ ಬೇಗನೆ ಒಂದು ದಾರಿಯಾಗಿತ್ತು. ಅಲ್ಲಿ 1905ರಲ್ಲಿ ಬಾಡಿಗೆ ಕೋಣೆಗಳಲ್ಲಿ ಕರಿಯರ ಶಾಖೆ ಆರಂಭವಾಗಿ, 1908ರಲ್ಲಿ ಕಾರ್ನೆಗಿ ಹಣದ ಕಟ್ಟಡಕ್ಕೆ ಹೋಯಿತು. ಅದನ್ನು ನಡೆಸಿದವರು ಥಾಮಸ್ ಫೌಂಟನ್ ಬ್ಲೂ. ಅವರೂ ಕರಿಯರೇ, ದೇವಶಾಸ್ತ್ರ ಓದಿದವರು. ದಕ್ಷಿಣದ ಬೇರೆ ಊರುಗಳಿಂದ ಬಂದ ಕರಿಯ ಯುವತಿಯರಿಗೆ ಅವರು ಗ್ರಂಥಪಾಲನೆಯ ತರಬೇತಿ ಕೊಟ್ಟರು. ಪ್ರತ್ಯೇಕ ಶಾಖೆ ಎಂಬುದು ಅವಮಾನವೇ ಸರಿ. ಆದರೆ ಆ ಅವಮಾನದ ಒಳಗೇ ಅವರು ಒಂದು ವೃತ್ತಿಯನ್ನು ಬೆಳೆಸಿದರು. ಮುಂದೆ 1925ರಲ್ಲಿ ಕಾರ್ನೆಗಿ ಪ್ರತಿಷ್ಠಾನದ ನೆರವಿನಿಂದಲೇ ವರ್ಜೀನಿಯಾದ ಹ್ಯಾಂಪ್ಟನ್ ವಿದ್ಯಾಸಂಸ್ಥೆಯಲ್ಲಿ ಕರಿಯರಿಗಾಗಿ ಗ್ರಂಥಾಲಯ ಶಾಲೆ ಪ್ರಾರಂಭವಾಯಿತು. ಕಲ್ಲಿಗಿಂತ ಮನುಷ್ಯರ ಮೇಲೆ ಹಣ ಹಾಕಿ ಎಂಬ ಜಾನ್ಸನ್ ಅವರ ಮಾತು ಆಗ ಕೇಳಿಸಿತ್ತೆಂದು ಕಾಣುತ್ತದೆ.

ಅಟ್ಲಾಂಟಾದ ಕೇಂದ್ರ ಗ್ರಂಥಾಲಯದ ಬಾಗಿಲು ಮತ್ತೂ ಬಹುಕಾಲ ಮುಚ್ಚಿಯೇ ಇತ್ತು. 1959ರ ಮೇ ತಿಂಗಳಲ್ಲಿ, ಸ್ಪೆಲ್ಮನ್ ಕಾಲೇಜಿನಲ್ಲಿ ಫ್ರೆಂಚ್ ಬೋಧಿಸುತ್ತಿದ್ದ ಐರೀನ್ ಡಾಬ್ಸ್ ಜ್ಯಾಕ್ಸನ್ ಎಂಬ ಕರಿಯ ಮಹಿಳೆ ಆ ಗ್ರಂಥಾಲಯಕ್ಕೆ ಹೋಗಿ ಸದಸ್ಯತ್ವದ ಚೀಟಿ ಪಡೆದರು. ಡುಬೋಯ್ಸ್ ಮನವಿ ಸಲ್ಲಿಸಿ ಆಗ ಐವತ್ತೇಳು ವರ್ಷಗಳಾಗಿದ್ದವು. ಆಕೆಯ ಮಗ ಮೇನಾರ್ಡ್ ಜ್ಯಾಕ್ಸನ್ 1973ರಲ್ಲಿ ಅದೇ ನಗರದ ಮೇಯರ್ ಆಗಿ ಆಯ್ಕೆಯಾದರು.